ಫೆಬ್ರವರಿ 19: ಒಂದು ವರದಿಯ ಓದು

ಸರ್ಕಾರಿ ವರದಿಗಳನ್ನು ಗದ್ಯವೆಂದು ಓದುವ ಅಭ್ಯಾಸ ನಮ್ಮಲ್ಲಿಲ್ಲ. ಆಯೋಗ ನೇಮಕವಾಗುತ್ತದೆ, ವರದಿ ಬರುತ್ತದೆ, ಒಂದು ದಿನ ಪತ್ರಿಕೆಯ ಮುಖಪುಟದಲ್ಲಿ ಮೆರೆಯುತ್ತದೆ, ಆಮೇಲೆ ಬೀರು ಸೇರುತ್ತದೆ. ಹೀಗಿರುವಾಗ ಅಮೆರಿಕದ ಕೊಲಂಬಿಯಾ ಅಪಘಾತ ತನಿಖಾ ಮಂಡಳಿಯ ವರದಿಯನ್ನು ನಾನು ಒಂದು ಪುಸ್ತಕವೆಂಬಂತೆ ವಿಮರ್ಶಿಸಲು ಹೊರಟರೆ ಕೆಲವರು ಹುಬ್ಬೇರಿಸಬಹುದು. ವಿಜ್ಞಾನ ನನ್ನ ವಿಷಯವಲ್ಲ. ನಾನು ಭಾಷೆ ಪಾಠ ಮಾಡುವವಳು. ವರದಿಯ ಮೊದಲ ಸಂಪುಟ, 2003ರ ಆಗಸ್ಟ್‌ನಲ್ಲಿ ಹೊರಬಂದ 248 ಪುಟಗಳ ಗ್ರಂಥ, ಎರಡು ಬೇಸಿಗೆ ರಜೆಗಳನ್ನು ತಿಂದಿತು. ನಿಘಂಟು ಪಕ್ಕದಲ್ಲೇ ಇತ್ತು. ಇಷ್ಟು ನಿರ್ಭಯವಾದ ಸರ್ಕಾರಿ ಗದ್ಯವನ್ನು ನಾನು ಬೇರೆಲ್ಲೂ ಓದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಹಾಗೆಂದು ಅದರ ಮೇಲೆ ನನಗೆ ತಕರಾರಿಲ್ಲವೆಂದಲ್ಲ.

ಘಟನೆ ಎಲ್ಲರಿಗೂ ಗೊತ್ತಿದೆ. 2003ರ ಜನವರಿ 16ರಂದು ಕೊಲಂಬಿಯಾ ನೌಕೆ ಮೇಲೇರಿದ 82 ಸೆಕೆಂಡಿನ ಹೊತ್ತಿಗೆ, ದೊಡ್ಡ ಇಂಧನ ತೊಟ್ಟಿಯ ಹೊರಮೈಯಿಂದ ಮುಕ್ಕಾಲು ಕಿಲೋ ತೂಕದ ಫೋಮಿನ ತುಂಡೊಂದು ಕಳಚಿ ಎಡ ರೆಕ್ಕೆಗೆ ಬಡಿಯಿತು. ಫೆಬ್ರವರಿ 1ರಂದು ಮರಳಿ ಬರುವಾಗ ಬಿಸಿ ಗಾಳಿ ಆ ಗಾಯದೊಳಗೆ ನುಗ್ಗಿ ನೌಕೆ ಚೂರಾಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು. ವರದಿಯನ್ನು ಬಹಳ ಜನ ಫೋಮಿನ ಕಥೆಯೆಂದೇ ಓದಿ ಮುಗಿಸುತ್ತಾರೆ. ಆದರೆ ಮಂಡಳಿ ತನ್ನ ಪುಟಗಳಲ್ಲಿ ದೊಡ್ಡ ಪಾಲನ್ನು ಕೊಟ್ಟಿರುವುದು ಬೇರೆಯದಕ್ಕೆ: ಬಾಹ್ಯಾಕಾಶ ನಿಲ್ದಾಣ ಕಟ್ಟುವ ಹಾರಾಟಗಳಿಗಾಗಿ ಷಟಲ್ ನೌಕೆಗಳನ್ನು ಸಿದ್ಧಪಡಿಸುವ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ. ವಿಚಿತ್ರವೆಂದರೆ ಕೊಲಂಬಿಯಾದ ಆ ಪಯಣ ನಿಲ್ದಾಣಕ್ಕೆ ಹೋಗುವುದಾಗಿರಲೇ ಇಲ್ಲ. ಅದು ಪ್ರಯೋಗಗಳಿಗಾಗಿ ಹೊರಟ ನೌಕೆ. ಹಾಗಿದ್ದೂ ನಿಲ್ದಾಣದ ಲೆಕ್ಕಾಚಾರ ಅದರ ರೆಕ್ಕೆಯ ಹತ್ತಿರ ಹೇಗೆ ಬಂತು? ಇದನ್ನು ಹುಡುಕಿಕೊಂಡು ಹೋಗುವುದೇ ಈ ಪುಸ್ತಕದ ನಿಜವಾದ ಕಥಾನಕ.

ಮೊದಲು ಆ ಸಿದ್ಧತೆಯನ್ನು ಸ್ವಲ್ಪ ನೋಡಬೇಕು. ನಾವು ದೂರದರ್ಶನದಲ್ಲಿ ಕಂಡದ್ದು ಬೆಂಕಿ, ಹೊಗೆ, ಹತ್ತರಿಂದ ಸೊನ್ನೆಗೆ ಇಳಿಯುವ ಎಣಿಕೆ, ಇಷ್ಟೇ. ಅದರ ಹಿಂದೆ ತಿಂಗಳುಗಟ್ಟಲೆ ಕೆಲಸವಿರುತ್ತಿತ್ತು. ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರಕ್ಕೆ ಮರಳಿದ ನೌಕೆಯನ್ನು ಎಳೆದು ತಂದು ಒಂದು ದೊಡ್ಡ ಕೊಟ್ಟಿಗೆಯಲ್ಲಿ ಕಟ್ಟುತ್ತಿದ್ದರು. ಅಂಥ ಕೊಟ್ಟಿಗೆಗಳು ಮೂರಿದ್ದವು. ಸುತ್ತ ಅಟ್ಟಣಿಗೆಗಳು. ಮೂರು ಎಂಜಿನುಗಳನ್ನು ಬಿಚ್ಚಿ ಬೇರೆಡೆಗೆ ಕಳಿಸುತ್ತಿದ್ದರು. ಮೈಮೇಲಿನ ಶಾಖನಿರೋಧಕ ಬಿಲ್ಲೆಗಳು 24 ಸಾವಿರಕ್ಕೂ ಹೆಚ್ಚು. ನಮ್ಮ ಮಂಗಳೂರು ಹೆಂಚಿನ ಹಾಗೆ ಒಂದೇ ಅಚ್ಚಿನವಲ್ಲ; ಪ್ರತಿಯೊಂದಕ್ಕೂ ತನ್ನದೇ ಆಕಾರ, ತನ್ನದೇ ಜಾಗ, ತನ್ನದೇ ಸಂಖ್ಯೆ. ಅವು ನೀರು ಹೀರದಂತೆ ಪ್ರತಿ ಹಾರಾಟದ ಬಳಿಕವೂ ಒಂದೊಂದಕ್ಕೂ ಸೂಜಿಯಲ್ಲಿ ಔಷಧ ಚುಚ್ಚಬೇಕಿತ್ತು. ಪೋಲಿಯೋ ಲಸಿಕೆಯ ಭಾನುವಾರಗಳಲ್ಲಿ ಕೆಲಸ ಮಾಡಿದವರಿಗೆ ಇದರ ತಾಳ್ಮೆ ಅರ್ಥವಾದೀತು. ರೆಕ್ಕೆಯ ಮುಂಚೂಣಿಗೆ ಮಾತ್ರ ಬಿಲ್ಲೆಗಳಲ್ಲ, ಇಂಗಾಲದಿಂದ ಮಾಡಿದ ಬಾಗಿದ ಫಲಕಗಳು, ಒಂದೊಂದು ರೆಕ್ಕೆಗೆ 22. ಕೊಲಂಬಿಯಾದಲ್ಲಿ ಒಡೆದದ್ದು ಎಡಗಡೆಯ ಎಂಟನೆಯದು.

ಅಲ್ಲಿಂದ ನೌಕೆ 160 ಮೀಟರ್ ಎತ್ತರದ ಜೋಡಣಾ ಕಟ್ಟಡಕ್ಕೆ ಹೋಗುತ್ತಿತ್ತು. ಕ್ರೇನಿನಲ್ಲಿ ಮೂಗು ಮೇಲಾಗಿ ಅದನ್ನು ನೇತುಹಾಕಿ, ನ್ಯೂ ಆರ್ಲಿಯನ್ಸಿನ ಮಿಶೂ ಕಾರ್ಖಾನೆಯಿಂದ ನೀರಿನ ಮೇಲೆ ದೋಣಿಯಲ್ಲಿ ಬಂದ ಇಂಧನ ತೊಟ್ಟಿಗೂ ಎರಡು ಬದಿಯ ರಾಕೆಟ್ಟುಗಳಿಗೂ ಜೋಡಿಸುತ್ತಿದ್ದರು. ಆ ತೊಟ್ಟಿಯ ಹೊರಮೈಗೆ ಹಚ್ಚಿದ ಫೋಮಿನಲ್ಲಿ ಯಂತ್ರ ಹಚ್ಚಿದ ಭಾಗವೂ ಇತ್ತು, ಮನುಷ್ಯರು ಕೈಯಲ್ಲಿ ಸಿಂಪಡಿಸಿ, ಚಾಕುವಿನಲ್ಲಿ ಕೆತ್ತಿ ಆಕಾರ ಕೊಟ್ಟ ಭಾಗವೂ ಇತ್ತು. ಬಿದ್ದ ತುಂಡು ಕೈಕೆಲಸದ ಜಾಗದ್ದು. ಎಲ್ಲ ಸೇರಿದ ಮೇಲೆ ತೇರಿನಂಥ ಒಂದು ವಾಹನ ಇಡೀ ಗೋಪುರವನ್ನು ಹೊತ್ತು ಗಂಟೆಗೆ ಒಂದೂವರೆ ಕಿಲೋಮೀಟರಿನ ವೇಗದಲ್ಲಿ ಉಡಾವಣೆಯ ಕಟ್ಟೆಗೆ ತೆವಳುತ್ತಿತ್ತು. ನಿಲ್ದಾಣಕ್ಕೆ ಒಯ್ಯುವ ಭಾಗವನ್ನು ಹೊಟ್ಟೆಗೆ ತುಂಬುತ್ತಿದ್ದದ್ದು ಸಾಮಾನ್ಯವಾಗಿ ಅಲ್ಲಿಯೇ, ನಿಂತ ನಿಲುವಿನಲ್ಲಿ.

ಇದಿಷ್ಟು ಕೈಕೆಲಸ. ಇದರ ಜೊತೆಗೇ ಅಷ್ಟೇ ದೊಡ್ಡದಾದ ಕಾಗದದ ಕೆಲಸವಿತ್ತು. ಪ್ರತಿ ಹಂತಕ್ಕೂ ಒಂದು ಹಾಳೆ, ಪ್ರತಿ ಹಾಳೆಗೂ ಸಹಿ. ಸರ್ಕಾರದ ಪರಿವೀಕ್ಷಕರು ತಾವೇ ಕಣ್ಣಾರೆ ನೋಡಿ ಸಹಿ ಹಾಕಲೇಬೇಕಾದ ಹಂತಗಳು ಒಂದೊಂದು ಸಿದ್ಧತೆಯಲ್ಲಿ ಸುಮಾರು 8,500ಕ್ಕೆ ಇಳಿದಿದ್ದವು ಎಂದು ವರದಿ ದಾಖಲಿಸುತ್ತದೆ. ಮೊದಲು ಅದರ ಹಲವು ಪಟ್ಟು ಇದ್ದವಂತೆ. ಇಳಿಸಿದ್ದೇ ತಪ್ಪು ಎಂದು ಮಂಡಳಿ ಹೇಳುವುದಿಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಮತ್ತೆ ಕೂತು ನೋಡಿ ಎನ್ನುತ್ತದೆ. ಈ ಸಮತೂಕ ನನಗೆ ಹಿಡಿಸಿತು.

ಇನ್ನು ತಾರೀಖಿನ ಕಥೆ. 2001ರ ಹೊತ್ತಿಗೆ ನಿಲ್ದಾಣದ ಖರ್ಚು ಕೈಮೀರಿತ್ತು. ವಾಷಿಂಗ್ಟನ್ನಿನಲ್ಲಿ ಸಿಟ್ಟು ಬೆಳೆದಿತ್ತು. ನಾಸಾ ಹೇಳಿದ ಹೊತ್ತಿಗೆ ಹೇಳಿದ ಹಣದಲ್ಲಿ ಕೆಲಸ ಮುಗಿಸಬಲ್ಲದೇ ಎಂದು ಪರೀಕ್ಷೆಗಿಟ್ಟಂತಾಯಿತು. ಅಮೆರಿಕದ ಪಾಲಿನ ಮುಖ್ಯ ಜೋಡಣೆ ಮುಗಿಯುವುದು ನೋಡ್-2 ಎಂಬ ಭಾಗ ಸೇರಿದಾಗ. ಇಟಲಿಯ ಟ್ಯೂರಿನ್‌ನಲ್ಲಿ ತಯಾರಾದ ಈ ಕೋಣೆ ನಮ್ಮ ಹಳೆಯ ಮನೆಗಳ ನಡುಮನೆ ಇದ್ದಂತೆ. ಯುರೋಪಿನವರ ಮತ್ತು ಜಪಾನಿಗಳ ಪ್ರಯೋಗಶಾಲೆಗಳು ಅದಕ್ಕೇ ಬಾಗಿಲು ತೆರೆಯಬೇಕು. ಅದನ್ನು ಒಯ್ಯುವ ಹಾರಾಟ ಎಸ್‌ಟಿಎಸ್-120. ಗೊತ್ತುಪಡಿಸಿದ ದಿನ 2004ರ ಫೆಬ್ರವರಿ 19. ಆ ದಿನ ಮುಟ್ಟಬೇಕಾದರೆ 16 ತಿಂಗಳೊಳಗೆ ಹತ್ತು ಹಾರಾಟಗಳನ್ನು ಸಿದ್ಧಪಡಿಸಿ ಕಳಿಸಬೇಕಿತ್ತು.

ವರದಿಯ ಆರನೆಯ ಅಧ್ಯಾಯದಲ್ಲಿ ಒಂದು ಸಣ್ಣ ಚಿತ್ರವಿದೆ. ಇಡೀ ಪುಸ್ತಕದಲ್ಲಿ ನನ್ನನ್ನು ಅತಿಯಾಗಿ ಕಾಡಿದ ಚಿತ್ರ ಅದೇ, ಚೂರಾದ ರೆಕ್ಕೆಯ ಫೋಟೋಗಳಲ್ಲ. ಅಧಿಕಾರಿಗಳ ಕಂಪ್ಯೂಟರುಗಳಿಗೆ ಒಂದು ಸ್ಕ್ರೀನ್ ಸೇವರ್ ಹಂಚಿದ್ದರು. ಕೆಲಸ ಬಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರೆ ತೆರೆಯ ಮೇಲೆ ಎಣಿಕೆ ಬರುತ್ತಿತ್ತು: ಫೆಬ್ರವರಿ 19ಕ್ಕೆ ಇನ್ನು ಇಷ್ಟು ದಿನ, ಇಷ್ಟು ಗಂಟೆ, ಇಷ್ಟು ನಿಮಿಷ, ಇಷ್ಟು ಸೆಕೆಂಡು. ಮಂಡಳಿ ಈ ಚಿತ್ರವನ್ನು ಅಚ್ಚು ಹಾಕಿ ಹೆಚ್ಚು ಮಾತಾಡದೆ ಮುಂದೆ ಹೋಗುತ್ತದೆ. ಒಳ್ಳೆಯ ಗದ್ಯ ಬರೆಯುವವರಿಗೆ ಎಲ್ಲಿ ಸುಮ್ಮನಿರಬೇಕೆಂಬುದು ಗೊತ್ತಿರುತ್ತದೆ. ಪ್ರಶ್ನೆ ಕೇಳಿದಾಗ ಕೆಲವು ಮೇಲಧಿಕಾರಿಗಳು ತಮಗೇನೂ ಒತ್ತಡವಿರಲಿಲ್ಲ ಎಂದರಂತೆ. ಕೆಳಗಿನ ಹಂತದಲ್ಲಿ ಕೆಲಸ ಮಾಡುವವರ ಅನುಭವ ಬೇರೆ. ಹಿಂದೆ ಬಿದ್ದ ದಿನಗಳನ್ನು ಸರಿದೂಗಿಸಲು ಇದ್ದ ದಾರಿಗಳಾದರೂ ಯಾವುವು? ರಜಾದಿನಗಳಲ್ಲಿ ಕೆಲಸ, ಮೂರನೆಯ ಪಾಳಿ.

ಇದನ್ನು ಓದುವಾಗ ನನಗೆ ನಮ್ಮ ಕಡೆಯ ಒಂದು ಮಾತು ನೆನಪಾಗದೆ ಇರಲಿಲ್ಲ. ಜನವರಿ ಬಂತೆಂದರೆ ಯಾವ ಶಾಲೆಯ ಸ್ಟಾಫ್ ರೂಮಿಗೆ ಹೋದರೂ ಕೇಳುವ ಪ್ರಶ್ನೆ ಒಂದೇ: "ಪೋರ್ಷನ್ ಮುಗೀತಾ ಮೇಡಂ?" ಮಕ್ಕಳಿಗೆ ಬಂತೇ ಎಂದು ಕೇಳುವ ಪರಿವೀಕ್ಷಕರನ್ನು ನಾನು ಇಷ್ಟು ವರ್ಷಗಳಲ್ಲಿ ಇಬ್ಬರನ್ನು ಮಾತ್ರ ಕಂಡಿದ್ದೇನೆ. ಪೋರ್ಷನ್ ಮುಗಿಯುವುದನ್ನು ಎಣಿಸಬಹುದು, ಬಂದದ್ದನ್ನು ಎಣಿಸುವುದು ಕಷ್ಟ. ಇರಲಿ, ನಮ್ಮಲ್ಲಿ ಇದರಿಂದ ಯಾರ ರೆಕ್ಕೆಯೂ ಸುಡುವುದಿಲ್ಲ, ಸುಟ್ಟರೂ ಕಾಣುವುದಿಲ್ಲ.

ತಾರೀಖು ಕೊಲಂಬಿಯಾವನ್ನು ಮುಟ್ಟಿದ ಬಗೆ ಹೀಗೆ. 2002ರ ಅಕ್ಟೋಬರ್‌ನಲ್ಲಿ ಅಟ್ಲಾಂಟಿಸ್ ನೌಕೆ ನಿಲ್ದಾಣಕ್ಕೆ ಒಂದು ತೊಲೆಯಂಥ ಭಾಗವನ್ನು ಒಯ್ದಿತು. ಆಗಲೂ ತೊಟ್ಟಿಯ ಅದೇ ಜಾಗದ ಫೋಮ್ ಕಳಚಿ, ಬದಿಯ ರಾಕೆಟ್ಟಿಗೆ ಬಡಿದು ಗುಳಿ ಮಾಡಿತ್ತು. ಇಂಥದಕ್ಕೆ 'ಹಾರಾಟದ ವೇಳೆಯ ಅಸಂಗತಿ' ಎಂಬ ಹಣೆಪಟ್ಟಿ ಕಟ್ಟಬಹುದಿತ್ತು. ಹಿಂದೆ ಕಟ್ಟಿದ್ದೂ ಉಂಟು. ಕಟ್ಟಿದ್ದರೆ ಕಾರಣ ಕಂಡುಹಿಡಿದು ಪರಿಹರಿಸುವ ತನಕ ಮುಂದಿನ ನೌಕೆಯನ್ನು ತಡೆಯಬೇಕಾಗುತ್ತಿತ್ತು. ಹಣೆಪಟ್ಟಿ ಕಟ್ಟಲಿಲ್ಲ. 'ಪರಿಶೀಲಿಸಿ ವರದಿ ಕೊಡಿ' ಎಂದು ಆದೇಶವಾಯಿತು. ಕೊಡಬೇಕಾದ ಗಡುವು ಮುಂದಿನ ಉಡಾವಣೆಯ ನಂತರದ್ದು. ನವೆಂಬರ್‌ನಲ್ಲಿ ಎಂಡೆವರ್ ಹೋಯಿತು, ಜನವರಿಯಲ್ಲಿ ಕೊಲಂಬಿಯಾ. ಕೊಲಂಬಿಯಾ ಇನ್ನೂ ಕಕ್ಷೆಯಲ್ಲಿ ಸುತ್ತುತ್ತಿದ್ದಾಗಲೇ ಅದರ ರೆಕ್ಕೆಯ ಏಟಿನ ಬಗ್ಗೆ ಸಭೆಗಳಲ್ಲಿ ಬಂದ ಚಿಂತೆಗಳಲ್ಲಿ ಒಂದು, ಇದರಿಂದ ನಿಲ್ದಾಣಕ್ಕೆ ಹೋಗಬೇಕಾದ ಮುಂದಿನ ನೌಕೆಯ ಸಿದ್ಧತೆ ತಡವಾದೀತೇ ಎಂಬುದು. ಏಳು ಜನ ಮೇಲಿದ್ದಾರೆ, ಚರ್ಚೆ ಮುಂದಿನ ಸರದಿಯದು. ಇದನ್ನು ಮಂಡಳಿ ಯಾವ ವಿಶೇಷಣವನ್ನೂ ಬಳಸದೆ ಬರೆದಿದೆ.

ಮಂಡಳಿಯಲ್ಲಿ ಹದಿಮೂರು ಜನ. ಅಧ್ಯಕ್ಷರು ನಿವೃತ್ತ ಅಡ್ಮಿರಲ್ ಹೆರಾಲ್ಡ್ ಗೆಮನ್. ಸದಸ್ಯರಲ್ಲೊಬ್ಬರು ಸ್ಯಾಲಿ ರೈಡ್, ಅಂತರಿಕ್ಷಕ್ಕೆ ಹೋದ ಮೊದಲ ಅಮೆರಿಕನ್ ಮಹಿಳೆ. ತೊಟ್ಟಿಯ ಆ ಜಾಗದ ಫೋಮ್ ಕಳಚಿದ್ದು ಮೊದಲ ಬಾರಿಗೆ ಕಂಡದ್ದು 1983ರಲ್ಲಿ, ಆಕೆಯೇ ಕುಳಿತಿದ್ದ ಹಾರಾಟದಲ್ಲಿ. ಇಪ್ಪತ್ತು ವರ್ಷ ಅದು ಬೀಳುತ್ತಲೇ ಬಂದು, ಏನೂ ಆಗಲಿಲ್ಲವಲ್ಲ ಎಂಬುದೇ ಏನೂ ಆಗುವುದಿಲ್ಲ ಎಂಬುದಕ್ಕೆ ಸಾಕ್ಷಿಯಾಗಿಬಿಟ್ಟಿತು.

ಭಾಷೆಯವಳಾಗಿ ನನಗೆ ಈ ಪುಸ್ತಕದ ಹೆಚ್ಚುಗಾರಿಕೆ ಕಾಣುವುದು ಮಂಡಳಿ ಪದಗಳನ್ನು ತನಿಖೆ ಮಾಡಿದ ರೀತಿಯಲ್ಲಿ. ತೊಟ್ಟಿ, ರೆಕ್ಕೆ, ಫಲಕಗಳನ್ನು ಹೇಗೆ ಪರೀಕ್ಷಿಸಿದರೋ ಅದೇ ಶ್ರದ್ಧೆಯಿಂದ ಪದಗಳನ್ನೂ ಪರೀಕ್ಷಿಸಿದ್ದಾರೆ. ಹಿಂದೆ ಕಂಡು ಪಳಗಿದ ತೊಂದರೆಯನ್ನು ನಾಸಾದವರು 'ಕುಟುಂಬದೊಳಗಿನದು' ಎನ್ನುತ್ತಿದ್ದರು. ಮನೆಯ ವಿಷಯವೆಂದ ಮೇಲೆ ಯಾರು ಬೀದಿಗೆ ತರುತ್ತಾರೆ? ಇನ್ನೊಂದು ಉದಾಹರಣೆ ಸಿದ್ಧತೆಯ ಕೊಟ್ಟಿಗೆಯದು. ಕೆಲಸದ ಜಾಗದಲ್ಲಿ ಬಿಟ್ಟುಹೋದ ತಿರುಪು, ಬಟ್ಟೆಚೂರು, ಹತಾರಗಳನ್ನು ವಿಮಾನದ ಕಸುಬಿನವರೆಲ್ಲ 'ಪರವಸ್ತು' ಎಂದು ಕರೆದು ಹಾವಿನಂತೆ ಹೆದರುತ್ತಾರೆ. ಕೆನಡಿ ಕೇಂದ್ರದಲ್ಲಿ ಅದನ್ನು ಎರಡಾಗಿ ಒಡೆದಿದ್ದರು: ಕೆಲಸ ನಡೆಯುತ್ತಿರುವಾಗ ಸಿಕ್ಕರೆ ಅದು ಬರೀ 'ಕೆಲಸದ ಕಸ'; ಎಲ್ಲ ಮುಗಿದು ಮುಚ್ಚಿದ ಮೇಲೆ ಸಿಕ್ಕರೆ ಮಾತ್ರ 'ಪರವಸ್ತು'. ತಿರುಪು ಅದೇ, ಲೆಕ್ಕದ ಪುಸ್ತಕದಲ್ಲಿ ಅಂಕಿ ಮಾತ್ರ ಚಿಕ್ಕದಾಯಿತು. ಈ ಎರಡನೆಯ ಹೆಸರನ್ನು ತೆಗೆದುಹಾಕಿ ಎಂದು ಮಂಡಳಿ ನೇರವಾಗಿ ಶಿಫಾರಸು ಮಾಡಿತು. ಒಂದು ಪದವನ್ನು ರದ್ದುಮಾಡಬೇಕೆಂದು ಕೇಳಿದ ತನಿಖಾ ವರದಿಯನ್ನು ನಾನು ಬೇರೆ ಕಂಡಿಲ್ಲ.

ಇನ್ನೂ ತೀಕ್ಷ್ಣವಾದದ್ದು ಒಂದು ಸ್ಲೈಡಿನ ವಿಶ್ಲೇಷಣೆ. ಕಕ್ಷೆಯಲ್ಲಿದ್ದ ಕೊಲಂಬಿಯಾದ ಏಟನ್ನು ಅಂದಾಜು ಮಾಡಿದ ಎಂಜಿನಿಯರರು ತಮ್ಮ ಅಭಿಪ್ರಾಯವನ್ನು ಪೂರ್ತಿ ಟಿಪ್ಪಣಿಯಾಗಿ ಬರೆಯದೆ, ಗೋಡೆಯ ಮೇಲೆ ಬೀರುವ ಚುಟುಕು ಸಾಲುಗಳಲ್ಲಿ ಮಂಡಿಸಿದರು. ಎಡ್ವರ್ಡ್ ಟಫ್ಟಿ ಎಂಬ ವಿದ್ವಾಂಸರು ಅದರಲ್ಲೊಂದು ಹಾಳೆಯನ್ನು ಬಿಡಿಸಿ ತೋರಿಸಿದ್ದಾರೆ. 'ಗಣನೀಯ' ಎಂಬರ್ಥದ ಪದ ಅದರಲ್ಲಿ ಐದು ಸಲ ಬರುತ್ತದೆ, ಎಷ್ಟು ಗಣನೀಯ ಎಂಬುದು ಒಂದು ಸಲವೂ ಬರುವುದಿಲ್ಲ. ಪರೀಕ್ಷೆಯಲ್ಲಿ ಬಳಸಿದ್ದ ಫೋಮಿನ ತುಂಡು 3 ಘನ ಅಂಗುಲದ್ದು. ಕೊಲಂಬಿಯಾಕ್ಕೆ ಬಡಿದದ್ದು ಅಂದಾಜು 1,920 ಘನ ಅಂಗುಲದ್ದು. ಅಂದರೆ 640 ಪಟ್ಟು. ಎಲ್ಲಕ್ಕಿಂತ ಮುಖ್ಯವಾದ ಈ ಸಂಗತಿ ಹಾಳೆಯ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿತ್ತು. ತಲೆಬರಹ ಮಾತ್ರ ಧೈರ್ಯ ಹೇಳುವಂತಿತ್ತು. ಪ್ರಬಂಧ ಬರೆಸುವಾಗ ಹೇಳಬೇಕಾದ್ದನ್ನು ಮೊದಲು ಹೇಳು ಎಂದು ಎಂಟನೆಯ ತರಗತಿಯಲ್ಲಿ ಹೇಳಿಕೊಡುತ್ತೇವೆ.

ರೆಕ್ಕೆಯ ಚಿತ್ರ ತೆಗೆಸಿ ಎಂದು ಮೂರು ಕಡೆಯಿಂದ ಕೋರಿಕೆ ಹೋಗಿತ್ತು. ಯಾವುದೂ ಈಡೇರಲಿಲ್ಲ. ಚಿತ್ರ 'ಕಡ್ಡಾಯ'ವೆಂದು ರುಜುವಾತು ಮಾಡಿ ಎಂದರು; ಚಿತ್ರವಿಲ್ಲದೆ ರುಜುವಾತು ಮಾಡುವುದು ಹೇಗೆ? ಸುರಕ್ಷಿತವೆಂದು ಸಾಬೀತುಪಡಿಸಬೇಕಾದ ಜಾಗದಲ್ಲಿ, ಸುರಕ್ಷಿತವಲ್ಲವೆಂದು ಸಾಬೀತುಪಡಿಸುವ ಹೊರೆ ಎಂಜಿನಿಯರರ ತಲೆಗೆ ಬಂತು. ಅವರಲ್ಲೊಬ್ಬರು ಬಲವಾದ ಮಾತುಗಳಲ್ಲಿ ಪತ್ರ ಬರೆದು, ಮೇಲಿನವರಿಗೆ ಕಳಿಸದೆ ಇಟ್ಟುಕೊಂಡರು. ವರದಿ ಆ ಪತ್ರವನ್ನು ಅಚ್ಚು ಹಾಕಿದೆ. ಕಚೇರಿಯ ಗೋಡೆಗಳ ತುಂಬ 'ಅಪಾಯ ಕಂಡರೆ ಹೇಳಿ' ಎಂಬರ್ಥದ ಭಿತ್ತಿಪತ್ರಗಳಿದ್ದದ್ದು ಗೊತ್ತಾಗುವುದೂ ಅದೇ ಪತ್ರದಿಂದ.

ಇಲ್ಲಿಯವರೆಗೆ ಮೆಚ್ಚುಗೆ. ನನ್ನ ತಕರಾರು ಶುರುವಾಗುವುದು ವರದಿ 'ಸಂಸ್ಕೃತಿ' ಎಂಬ ಪದವನ್ನು ಕೈಗೆತ್ತಿಕೊಂಡಾಗ. ಫೋಮಿನಷ್ಟೇ ಸಂಸ್ಥೆಯ ಸಂಸ್ಕೃತಿಯೂ ಕಾರಣ ಎಂಬುದು ಮಂಡಳಿಯ ತೀರ್ಮಾನ. ಮಾತು ನಿಜವೇ. ಆದರೆ 'ಗಣನೀಯ' ಎಂಬ ಪದವನ್ನು ಅಷ್ಟು ಜಾಲಾಡಿದವರು 'ಸಂಸ್ಕೃತಿ'ಯನ್ನು ಅದೇ ಜರಡಿಗೆ ಹಾಕಲಿಲ್ಲ. ಪುಟ ತಿರುವಿದಂತೆಲ್ಲ ಆ ಪದ ಹಿಗ್ಗುತ್ತ ಹೋಗಿ, ಗಡುವನ್ನು ಮುಂದೂಡಿದ ಕೈ, ಕೋರಿಕೆಯನ್ನು ತಡೆದ ಬಾಯಿ ಎಲ್ಲವನ್ನೂ ಒಳಗೆ ಹಾಕಿಕೊಳ್ಳುತ್ತದೆ. ವ್ಯಕ್ತಿಗಳ ಮೇಲೆ ತಪ್ಪು ಹೊರಿಸುವುದು ತಮ್ಮ ಕೆಲಸವಲ್ಲ ಎಂದು ಮಂಡಳಿ ಬಗೆದಿತ್ತು. ಸಾಕ್ಷಿ ಹೇಳಿದವರ ಮಾತನ್ನು ಗುಟ್ಟಾಗಿಡುವುದಾಗಿ ವಚನ ಕೊಟ್ಟದ್ದರಿಂದಲೇ ಅಷ್ಟು ಸತ್ಯ ಹೊರಬಂತು ಎಂಬುದನ್ನೂ ಒಪ್ಪುತ್ತೇನೆ. ಆದರೂ, ಸಂಸ್ಕೃತಿಯನ್ನು ಎಬ್ಬಿಸಿ ನಿಲ್ಲಿಸಿ 'ಉತ್ತರ ಕೊಡು' ಎನ್ನಲಾಗುವುದಿಲ್ಲ.

ಎರಡನೆಯ ಕೊರತೆ ನನಗೆ ಇನ್ನೂ ದೊಡ್ಡದು. ಸಿದ್ಧತೆಯ ಬಗ್ಗೆ ಇಷ್ಟು ಬರೆದ ಪುಸ್ತಕದಲ್ಲಿ ಸಿದ್ಧಪಡಿಸುವವರ ದನಿ ಕೇಳುವುದು ಬಹಳ ಕಡಿಮೆ. ಅಧಿಕಾರಿಗಳ ಪತ್ರವ್ಯವಹಾರ ಪುಟಗಟ್ಟಲೆ ಇದೆ. ಬಿಲ್ಲೆಗೆ ಸೂಜಿ ಚುಚ್ಚಿದ ಕೈ, ಮಿಶೂನಲ್ಲಿ ಫೋಮ್ ಕೆತ್ತಿದ ಕೈ ಎಲ್ಲಿ? ಫೋಮ್ ಹಚ್ಚುವುದರಲ್ಲಿ ನಿರ್ಲಕ್ಷ್ಯ ನಡೆದ ಸೂಚನೆ ಕಂಡಿಲ್ಲ ಎಂದು ಮಂಡಳಿ ಸ್ಪಷ್ಟವಾಗಿ ಹೇಳಿದೆ. ಆ ಕಾರ್ಖಾನೆಯಲ್ಲಿ ತಿಂಗಳುಗಟ್ಟಲೆ ನಿದ್ದೆಗೆಟ್ಟವರಿಗೆ ಆ ಒಂದು ವಾಕ್ಯ ಎಷ್ಟು ಬೇಕಾಗಿದ್ದಿರಬಹುದು! ಅದು ಬಂದಿರುವುದು ಸಂಖ್ಯೆ ಹಾಕಿದ ನಿರ್ಣಯಗಳ ಪಟ್ಟಿಯಲ್ಲಿ, ಒಂದು ಸಾಲಾಗಿ.

ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ 2003ರ ಜುಲೈ 7ರಂದು ನಡೆದ ಪರೀಕ್ಷೆಯ ಭಾಗವನ್ನು ಮಾತ್ರ ಯಾರೂ ಬಿಡಬಾರದು. ಗಾಳಿಕೋವಿಯಿಂದ ಫೋಮಿನ ತುಂಡನ್ನು ಎಂಟನೆಯ ಫಲಕಕ್ಕೆ ಹೊಡೆದಾಗ ಸುಮಾರು 16 ಅಂಗುಲ ಉದ್ದಗಲದ ತೂತು ಬಿತ್ತು. ಇಷ್ಟು ಹಗುರ ವಸ್ತು ಏನು ಮಾಡೀತು ಎನ್ನುತ್ತಿದ್ದವರ ವಾದ ಅಲ್ಲಿಗೆ ಮುಗಿಯಿತು.

ಇದನ್ನೆಲ್ಲ ಇಲ್ಲಿ ಕೂತು ಬರೆಯಲು ಕಾರಣವಿದೆ. ಆ ಶನಿವಾರ ಸಂಜೆಯ ಸುದ್ದಿಯ ಬಳಿಕ ಕಲ್ಪನಾ ನಮ್ಮ ಶಾಲೆಗಳ ಗೋಡೆ ಏರಿದರು. ನಮ್ಮ ಹವಾಮಾನ ಉಪಗ್ರಹಕ್ಕೆ ಅದೇ ವಾರ ಅವರ ಹೆಸರಿಟ್ಟರು. ಕರ್ನಾಟಕ ಸರ್ಕಾರ 2004ರಲ್ಲಿ ಯುವ ಮಹಿಳಾ ವಿಜ್ಞಾನಿಗಳಿಗಾಗಿ ಅವರ ಹೆಸರಿನ ಪ್ರಶಸ್ತಿಯನ್ನೂ ಸ್ಥಾಪಿಸಿತು. ಒಳ್ಳೆಯದೇ. ಶಾಲಾ ವಾರ್ಷಿಕೋತ್ಸವಗಳ ವೇಷಭೂಷಣ ಸ್ಪರ್ಧೆಗೆ ಕಿತ್ತೂರು ಚೆನ್ನಮ್ಮನ ಜೊತೆಗೆ ಕಿತ್ತಳೆ ಅಂಗಿಯ ಕಲ್ಪನಾ ಕೂಡ ಬರತೊಡಗಿದಳು. ಆದರೆ ಕನ್ನಡದಲ್ಲಿ ಅವರ ಬಗ್ಗೆ ನಾನು ಓದಿದ ಲೇಖನಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಕರ್ನಾಲ್‌ನ ಹುಡುಗಿ, ನಕ್ಷತ್ರದ ಕನಸು, 1997ರ ಮೊದಲ ಯಾನ, ಆಮೇಲೆ 'ತಾಂತ್ರಿಕ ದೋಷದಿಂದ' ದುರಂತ, ಕಡೆಗೆ ಮಕ್ಕಳಿಗೆ ದೊಡ್ಡ ಕನಸು ಕಾಣುವ ಉಪದೇಶ. ತಾಂತ್ರಿಕ ದೋಷ ಎಂಬ ಆ ಎರಡು ಪದಗಳ ಕೆಳಗೆ 248 ಪುಟಗಳಿವೆ. ಕನಸು ಕಾಣು ಎಂದು ಹುಡುಗಿಗೆ ಹೇಳುವವರು, ನಿನ್ನ ನೌಕೆಯನ್ನು ಯಾರು ಹೇಗೆ ಸಿದ್ಧಪಡಿಸಿದ್ದಾರೆ ಎಂದು ಕೇಳುವ ಹಕ್ಕು ನಿನಗಿದೆ ಎಂದೂ ಹೇಳಬೇಡವೇ? ಫೋಮ್ ಬಡಿದ ಸಂಗತಿ ಕಕ್ಷೆಯಲ್ಲಿದ್ದವರಿಗೂ ತಲುಪಿತ್ತು, ಆದರೆ ಚಿಂತೆಗೆ ಕಾರಣವಿಲ್ಲವೆಂಬ ಸಮಾಧಾನದ ಮಾತಿನೊಡನೆ.

ನೋಡ್-2 ಕಡೆಗೆ ಏನಾಯಿತು? ಅಪಘಾತದ ವರ್ಷವೇ ಅದು ಇಟಲಿಯಿಂದ ಫ್ಲಾರಿಡಾಕ್ಕೆ ಬಂದು, ತನ್ನ ಸರದಿಗಾಗಿ ನಾಲ್ಕು ವರ್ಷ ಕಾದಿತು. 2004ರ ಫೆಬ್ರವರಿ 19 ಯಾವ ಸದ್ದೂ ಇಲ್ಲದೆ ಕಳೆದುಹೋಯಿತು. 2007ರಲ್ಲಿ ಶಾಲಾ ಮಕ್ಕಳ ಸ್ಪರ್ಧೆಯ ಮೂಲಕ ಅದಕ್ಕೆ ಹಾರ್ಮನಿ ಎಂಬ ಹೆಸರು ಬಂತು. ಆ ವರ್ಷದ ಅಕ್ಟೋಬರ್ 23ರಂದು ಡಿಸ್ಕವರಿ ಅದನ್ನು ಹೊತ್ತು ಹೊರಟಿತು. ನೌಕೆಯ ನಾಯಕಿ ಪಮೇಲಾ ಮೆಲ್ರಾಯ್, ಮೇಲೆ ನಿಲ್ದಾಣದ ನಾಯಕಿ ಪೆಗ್ಗಿ ವಿಟ್ಸನ್. ವರದಿಯಿಂದ ಕಲಿತದ್ದು ಕಾಣುತ್ತಿತ್ತು. ನಿಲ್ದಾಣದ ಹತ್ತಿರ ಬಂದ ನೌಕೆ ನಿಧಾನವಾಗಿ ಪಲ್ಟಿ ಹೊಡೆದು ತನ್ನ ಹೊಟ್ಟೆಯನ್ನು ತೋರಿಸುತ್ತಿತ್ತು, ಒಳಗಿದ್ದವರು ಚಿತ್ರ ತೆಗೆಯುತ್ತಿದ್ದರು. ರೆಕ್ಕೆ ನೋಡಲೆಂದೇ ಉದ್ದನೆಯ ಒಂದು ತೋಳನ್ನೂ ಒಯ್ಯುತ್ತಿದ್ದರು. ಆ ಯಾತ್ರೆಯಲ್ಲಿ ನಿಲ್ದಾಣದ ಸೌರಫಲಕವೊಂದು ಹರಿದಾಗ, ಅದೇ ತೋಳಿನ ತುದಿಯಲ್ಲಿ ನಿಂತು ಸ್ಕಾಟ್ ಪರಾಝಿನ್ಸ್ಕಿ ಅದನ್ನು ಹೊಲಿದು ಸರಿಮಾಡಿದರು.

ಆದರೆ ನನ್ನ ಗಮನ ಇರುವುದು ಉಡಾವಣೆಗೆ ಒಂದು ವಾರ ಮುಂಚಿನ ಸಭೆಯ ಮೇಲೆ. ನಾಸಾದ್ದೇ ಸುರಕ್ಷತಾ ಎಂಜಿನಿಯರಿಂಗ್ ಕೇಂದ್ರವೊಂದು, ಅಪಘಾತದ ನಂತರ ಸ್ಥಾಪನೆಯಾದದ್ದು, ಡಿಸ್ಕವರಿಯ ರೆಕ್ಕೆಗಳ 44 ಫಲಕಗಳಲ್ಲಿ ಮೂರರ ಲೇಪ ಸವೆದಂತೆ ಕಾಣುತ್ತದೆ, ಬದಲಿಸಿ ಎಂದು ಹೇಳಿತ್ತು. ಬದಲಿಸಬೇಕಾದರೆ ನೌಕೆಯನ್ನು ಕಟ್ಟೆಯಿಂದ ಹಿಂದಕ್ಕೆ ಒಯ್ಯಬೇಕು. ಈ ಸಲ ಭಿನ್ನಾಭಿಪ್ರಾಯ ಯಾರ ಮೇಜಿನ ಡ್ರಾಯರಿನಲ್ಲೂ ಉಳಿಯಲಿಲ್ಲ. ಅಕ್ಟೋಬರ್ 16ರ ಸಭೆಯಲ್ಲಿ ಎಲ್ಲರೆದುರು ಚರ್ಚೆಯಾಯಿತು, ಪತ್ರಿಕೆಗಳಲ್ಲೂ ಬಂತು. ಹಾರಬಹುದು ಎಂದು ತೀರ್ಮಾನವಾಯಿತು. ನವೆಂಬರ್ 7ರಂದು ಡಿಸ್ಕವರಿ ಸುರಕ್ಷಿತವಾಗಿ ಇಳಿಯಿತು.

ತೀರ್ಮಾನ ಸರಿಯಾಗಿತ್ತೆಂಬುದಕ್ಕೆ ಆ ಇಳಿದದ್ದೇ ಸಾಕ್ಷಿ ಎಂದು ಆಗ ಹಲವರು ಬರೆದರು. ವರದಿಯ ಆರನೆಯ ಅಧ್ಯಾಯವನ್ನು ಓದಿದವರು ಹಾಗೆ ಬರೆಯಲಾರರು. ಅಟ್ಲಾಂಟಿಸ್ ಕೂಡ 2002ರ ಅಕ್ಟೋಬರ್‌ನಲ್ಲಿ ಸುರಕ್ಷಿತವಾಗಿಯೇ ಇಳಿದಿತ್ತು.